ಕುಲವನ್ನು ಕೇಳಿದವರು, ಕೇಳಿ ನಕ್ಕವರು

ಭಾರತವನ್ನು ಓದದ ಕನ್ನಡಿಗರು ಇದ್ದಾರು. ಭಾರತವನ್ನು ಕೇಳದ ಕನ್ನಡಿಗರು ವಿರಳ. ತಾಯಿಯ ಕಡೆಯಿಂದ ಅಣ್ಣಿಗೇರಿಯ ಸಂಬಂಧವುಳ್ಳ ಪಂಪನು ಕ್ರಿ. ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು, ಕೋಳಿವಾಡದ ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಅದೇ ಕಥೆಯನ್ನು ಷಟ್ಪದಿಯಲ್ಲಿ ಹಾಡಿದನು. ಸವದತ್ತಿಯ ಸೀಮೆಗೆ ಈ ಊರುಗಳು ದೂರದವಲ್ಲ. ಆದುದರಿಂದ ಭಾರತದ ಕಥೆಯು ಈ ಭಾಗದಲ್ಲಿ ಮನೆಯ ಹಿರಿಯರ ಬಾಯಿಂದಲೂ ಶಾಲೆಯ ಪಾಠದಿಂದಲೂ ಮಕ್ಕಳ ಕಿವಿಗೆ ಬೀಳುವುದು ಸಹಜವಾಗಿದೆ. ಆದರೆ ಅದನ್ನು ಹೇಳುವ ರೂಢಿಯಲ್ಲಿ ಒಂದು ದೊಡ್ಡ ಕೊರತೆಯುಂಟು. ಪಾಂಡವ ಕೌರವರ ಬಾಲ್ಯಪ್ರಸಂಗಗಳನ್ನು ವಿನೋದಕ್ಕೆಂದು ನಾಲ್ಕು ಮಾತಿನಲ್ಲಿ ಮುಗಿಸಿ, ಕಥೆಗಾರರು ಅರಗಿನ ಮನೆಯ ಕಡೆಗೆ ಅವಸರದಿಂದ ಸಾಗುತ್ತಾರೆ. ಬಲಿಷ್ಠನಾದ ಹುಡುಗನು ದುರ್ಬಲನಾದವನನ್ನು ಕಾಡುವ ಬಗೆ, ಕಾಡಿಸಿಕೊಂಡವನ ಮನಸ್ಸು ಕೆಡುವ ಬಗೆ, ಕಂಡ ಹಿರಿಯರು ಸುಮ್ಮನಿರುವ ಬಗೆ, ಈ ಮೂರೂ ಆ ಪ್ರಸಂಗಗಳಲ್ಲಿ ಎಷ್ಟು ಸ್ಪಷ್ಟವಾಗಿ ಚಿತ್ರಿತವಾಗಿವೆಯೆಂಬುದನ್ನು ಗಮನಿಸಿದವರು ಕಡಮೆ.

ಮೊದಲು ವ್ಯಾಸಭಾರತದ ಆದಿಪರ್ವವನ್ನೇ ತೆರೆದು ನೋಡತಕ್ಕದ್ದು. ಬಾಲಕನಾದ ಭೀಮನು ಧೃತರಾಷ್ಟ್ರನ ಮಕ್ಕಳನ್ನು ಕೂದಲು ಹಿಡಿದು ನೆಲದ ಮೇಲೆ ಎಳೆಯುತ್ತಾನೆ. ಅವರ ತಲೆ, ಹೆಗಲು, ಮೊಣಕಾಲುಗಳು ತರಚಿಹೋಗುತ್ತವೆ. ನೀರಾಟದಲ್ಲಿ ಹತ್ತು ಜನರನ್ನು ಒಮ್ಮೆಗೇ ತೋಳುಗಳಲ್ಲಿ ಅವುಚಿಕೊಂಡು ಮುಳುಗಿ, ಅವರು ಸತ್ತಂತಾದ ಮೇಲೆ ಬಿಡುತ್ತಾನೆ. ಹಣ್ಣು ಕೀಳುವುದಕ್ಕೆ ಅವರು ಮರವನ್ನು ಹತ್ತಿದರೆ ಮರವನ್ನು ಒದೆಯುತ್ತಾನೆ. ಹಣ್ಣುಗಳೊಡನೆ ಹುಡುಗರೂ ಉದುರುತ್ತಾರೆ. ಓಟದಲ್ಲಿಯಾಗಲಿ ಸೆಣಸಾಟದಲ್ಲಿಯಾಗಲಿ ಅವನನ್ನು ಮೀರಿಸಬಲ್ಲವನು ಅವರಲ್ಲಿ ಒಬ್ಬನೂ ಇಲ್ಲ. ಕಥೆಯನ್ನು ಹೇಳುವವರು ಇಲ್ಲಿ ನಗುತ್ತಾರೆ. ಕೇಳುವ ಮಕ್ಕಳೂ ನಗುತ್ತಾರೆ. ಬಿದ್ದವರು ಮುಂದೆ ದ್ರೌಪದಿಯ ಸೀರೆಗೆ ಕೈ ಹಾಕಲಿರುವ ಕೌರವರೆಂಬುದು ಕೇಳುವವರಿಗೆ ಮೊದಲೇ ಗೊತ್ತಿರುವುದರಿಂದ ಈ ನಗೆಗೆ ಅಂಜಿಕೆಯಿಲ್ಲ. ಆದರೆ ಮರದ ಮೇಲಿದ್ದ ಹುಡುಗನು ಆಗ ಇನ್ನೂ ಯಾವ ಪಾಪವನ್ನೂ ಮಾಡಿದವನಲ್ಲ. ಹಣ್ಣು ಕೀಳುತ್ತಿದ್ದನು, ಅಷ್ಟೆ.

ಈ ಪ್ರಸಂಗದ ಕೊನೆಗೆ ವ್ಯಾಸರು ಒಂದು ಮಾತನ್ನು ಸೇರಿಸಿದ್ದಾರೆ. ಭೀಮನು ಇದನ್ನೆಲ್ಲ ಮಾಡಿದ್ದು ಹುಡುಗತನದಿಂದ, ದ್ರೋಹಬುದ್ಧಿಯಿಂದಲ್ಲ ಎಂಬುದೇ ಆ ಮಾತಿನ ತಾತ್ಪರ್ಯ. ಇದನ್ನು ಭೀಮನ ಪರವಾದ ಸಮಾಧಾನವೆಂದು ತಿಳಿದು ಅನೇಕರು ತೃಪ್ತಿಪಟ್ಟಿದ್ದಾರೆ. ಶಾಲೆಗಳಲ್ಲಿ ದೂರು ಬಂದಾಗಲೂ ಮೊದಲು ಕೇಳಿಬರುವುದು ಇದೇ ಸಮಾಧಾನ: ಹುಡುಗರು, ಚೇಷ್ಟೆ ಮಾಡುತ್ತಾರೆ, ಮನಸ್ಸಿನಲ್ಲಿ ಏನೂ ಇಲ್ಲ. ಆದರೆ ವ್ಯಾಸರು ಅಲ್ಲಿಗೆ ನಿಲ್ಲಲಿಲ್ಲ. ಅದರ ಬೆನ್ನಿಗೇ ದುರ್ಯೋಧನನ ಮನಸ್ಸು ಕಹಿಯಾಯಿತೆಂದು ಹೇಳಿ, ಪ್ರಮಾಣಕೋಟಿಯಲ್ಲಿ ಭೀಮನ ಊಟಕ್ಕೆ ವಿಷವಿಕ್ಕಿದ ಕಥೆಯನ್ನು ತಂದರು. ವಿಷವಿಕ್ಕಿದ್ದು ಘೋರವಾದ ಅಪರಾಧವೆಂಬುದರಲ್ಲಿ ಸಂದೇಹವಿಲ್ಲ. ಮರದಿಂದ ಕೆಡಹಿಸಿಕೊಂಡದ್ದು ಅದಕ್ಕೆ ಸಮರ್ಥನೆಯಾಗಲಾರದು. ಕವಿಯು ತೋರಿಸುವುದು ಇಷ್ಟೇ: ಒದೆಯುವವನ ಹುಡುಗತನವು ಬೀಳುವವನ ನೋವನ್ನು ಒಂದು ಎಳೆಯಷ್ಟೂ ಕಡಮೆ ಮಾಡಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ನಮ್ಮ ಗಾದೆಯು ಹೇಳುವುದೂ ಇದನ್ನೇ.

ಪಶ್ಚಿಮದ ವಿದ್ವಾಂಸರು ಈ ವಿಷಯವನ್ನು ಶಾಸ್ತ್ರವಾಗಿ ಬೆಳೆಸಿದ್ದು ಇತ್ತೀಚೆಗೆ. ನಾರ್ವೆ ದೇಶದ ಶಾಲೆಗಳಲ್ಲಿ 1983ರಿಂದ ಈ ಪೀಡೆಯನ್ನು ತಡೆಯುವ ವ್ಯವಸ್ಥೆಯನ್ನು ರೂಪಿಸಿದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞನು ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದನು: ನೋಯಿಸುವ ಉದ್ದೇಶ, ಮರಳಿ ಮರಳಿ ನಡೆಯುವಿಕೆ, ಇಬ್ಬರ ಬಲದಲ್ಲಿ ತಾರತಮ್ಯ. ಇವುಗಳನ್ನು ಹಿಡಿದು ಭೀಮನ ಆಟವನ್ನು ಅಳೆದರೆ ಕೊನೆಯ ಎರಡು ಲಕ್ಷಣಗಳು ಪೂರ್ಣವಾಗಿ ಹೊಂದುತ್ತವೆ. ಮೊದಲನೆಯದು ಮಾತ್ರ ಹೊಂದುವುದಿಲ್ಲ. ಉದ್ದೇಶವೆಂಬುದು ಕಾಡುವವನ ಒಳಗಿನ ಸಂಗತಿ. ಮರದಿಂದ ಬೀಳುವವನಿಗೆ ಅದು ಕಾಣುವಂತಹದಲ್ಲ. ಆದುದರಿಂದ ಮಕ್ಕಳಿಗೆ ಪೀಡೆಯ ಗುರುತನ್ನು ಕಲಿಸುವಾಗ ಉದ್ದೇಶದ ವಿಚಾರಣೆಗಿಂತ ಮೊದಲು, ಇಬ್ಬರೂ ನಗುತ್ತಿದ್ದಾರೆಯೋ ಒಬ್ಬನೇ ನಗುತ್ತಿದ್ದಾನೆಯೋ, ಆಟವನ್ನು ಬಿಟ್ಟುಹೋಗುವ ಸ್ವಾತಂತ್ರ್ಯವು ಇಬ್ಬರಿಗೂ ಉಂಟೋ ಇಲ್ಲವೋ ಎಂದು ನೋಡುವುದನ್ನು ಕಲಿಸುವುದು ಮೇಲು.

ಹಿರಿಯರ ಮೌನವೂ ಇಲ್ಲಿಯೇ ಆರಂಭವಾಗುತ್ತದೆ. ಭೀಷ್ಮ, ವಿದುರ, ಧೃತರಾಷ್ಟ್ರರಿರುವ ಅರಮನೆಯಲ್ಲಿ ಮಕ್ಕಳು ತರಚಿದ ಮೈಯಿಂದ ಮನೆಗೆ ಬಂದರೂ ಯಾರೂ ಭೀಮನನ್ನು ಕರೆದು ಕೇಳಿದಂತೆ ಕಾವ್ಯವು ಹೇಳುವುದಿಲ್ಲ. ವಿಷದಿಂದ ಪಾರಾಗಿ ಭೀಮನು ಹಿಂದಿರುಗಿ ನಡೆದುದನ್ನು ಹೇಳಿದಾಗ ಧರ್ಮರಾಯನು, ಈ ಮಾತನ್ನು ಎಲ್ಲಿಯೂ ಎತ್ತಬೇಡ, ಸುಮ್ಮನಿರು ಎನ್ನುತ್ತಾನೆ. ಉಳಿದ ಮಕ್ಕಳಿಗೆ ಕೇಡಾದೀತೆಂಬ ಭಯದಿಂದ ವಿದುರನೂ ಕುಂತಿಗೆ ಅಂತಹುದೇ ಬುದ್ಧಿಯನ್ನು ಹೇಳುತ್ತಾನೆ. ಜ್ಞಾನಿಗಳಾದ ಇವರ ಭಯಕ್ಕೆ ಕಾರಣವಿತ್ತು. ಆದರೆ ಈ ಮೌನದ ಫಲವನ್ನು ಕಾವ್ಯವು ಹದಿನೆಂಟು ದಿನಗಳ ಯುದ್ಧದವರೆಗೂ ಹಿಂಬಾಲಿಸುತ್ತದೆ. ಈಗಿನ ಮಕ್ಕಳಿಗೆ ಧರ್ಮರಾಯನ ಈ ಒಂದು ಉಪದೇಶವನ್ನು ಅನುಕರಿಸಬಾರದೆಂದು ಧೈರ್ಯವಾಗಿ ಹೇಳತಕ್ಕದ್ದು. ಹೇಳಿದರೆ ಚಾಡಿಕೋರನೆನ್ನುವರೆಂದು ಹುಡುಗರು ಅಂಜುವುದುಂಟು. ಇನ್ನೊಬ್ಬನಿಗೆ ಏಟು ಬೀಳಲೆಂದು ಹೇಳುವುದು ಚಾಡಿ. ಒಬ್ಬನು ನೋವಿನಿಂದ ಪಾರಾಗಲೆಂದು ಹೇಳುವುದು ಅಹವಾಲು. ಈ ಭೇದವನ್ನು ತಿಳಿಸಿದ ಮೇಲೆ ಮಾತ್ರ ಮಕ್ಕಳ ಬಾಯಿ ಬಿಡುವುದು.

ಭೀಮನ ಆಟದಲ್ಲಿ ಪೀಡೆಯು ಮೈಗೆ ತಗಲಿತು. ಅದು ಮಾತಿನ ರೂಪವನ್ನು ತಾಳಿದುದು ಕುಮಾರರ ಶಸ್ತ್ರಪರೀಕ್ಷೆಯ ರಂಗದಲ್ಲಿ. ಕರ್ಣನು ಒಳಗೆ ಬರುತ್ತಾನೆ. ದ್ರೋಣನ ಅನುಮತಿಯನ್ನು ಪಡೆದು, ಅರ್ಜುನನು ತೋರಿಸಿದ ವಿದ್ಯೆಯನ್ನೆಲ್ಲ ತಾನೂ ತೋರಿಸುತ್ತಾನೆ. ವಿದ್ಯೆಯಲ್ಲಿ ಕೊರತೆಯಿಲ್ಲವೆಂದು ತೋರಿದ ಗಳಿಗೆಯಲ್ಲಿಯೇ ಕೃಪಾಚಾರ್ಯನು ಎದ್ದು, ಅರ್ಜುನನು ಕುಂತಿಯ ಮಗ, ಪಾಂಡುವಿನ ಮಗ, ಕುರುವಂಶದವನು. ನಿನ್ನ ತಾಯಿ ಯಾರು, ತಂದೆ ಯಾರು, ಕುಲ ಯಾವುದು, ಹೇಳೆನ್ನುತ್ತಾನೆ. ಕರ್ಣನ ಮುಖವು ಮಳೆಯ ನೀರಿಗೆ ನೆನೆದು ಬಾಗಿದ ತಾವರೆಯಂತಾಯಿತೆಂದು ವ್ಯಾಸರು ಬಣ್ಣಿಸಿದ್ದಾರೆ. ಕೃಪನ ಪ್ರಶ್ನೆಯು ದ್ವಂದ್ವಯುದ್ಧದ ನಿಯಮಕ್ಕೆ ಅನುಸಾರವಾದದ್ದೇ; ಅದರಲ್ಲಿ ಬೈಗುಳವೊಂದೂ ಇಲ್ಲ. ಹೀಗಿದ್ದೂ ಭಾರತದಲ್ಲಿ ಅದಕ್ಕಿಂತ ಕ್ರೂರವಾದ ಪ್ರಶ್ನೆಗಳು ಬಹಳವಿಲ್ಲ. ಅದನ್ನು ಕೇಳಿದ ಸ್ಥಳವೇ ಅದನ್ನು ಕ್ರೂರಗೊಳಿಸಿತು. ಉತ್ತರವಿಲ್ಲದವನೆಂದು ತೋರಿದವನನ್ನು ಊರೆಲ್ಲ ನೆರೆದಲ್ಲಿ ನಿಲ್ಲಿಸಿ ಕೇಳಿದ್ದರಿಂದ ನಿಯಮವೇ ಆಯುಧವಾಯಿತು.

ಕೇಳಿದವನು ಯಾರು? ಕೃಪನೂ ಅವನ ತಂಗಿ ಕೃಪಿಯೂ ಜೊಂಡಿನಲ್ಲಿ ಬಿದ್ದಿದ್ದ ಮಕ್ಕಳು. ಶಂತನು ಮಹಾರಾಜನು ಕೃಪೆಯಿಂದ ಎತ್ತಿ ಸಾಕಿದ್ದರಿಂದಲೇ ಅವರಿಗೆ ಆ ಹೆಸರು ಬಂದಿತು. ತಾನೇ ಅನಾಥನಾಗಿ ದೊರೆತವನು ಇನ್ನೊಬ್ಬ ಹುಡುಗನಿಗೆ ತಂದೆಯ ಹೆಸರನ್ನು ಕೇಳುತ್ತಾನೆ! ಇದು ಕವಿಯ ಕಣ್ಣಿಗೆ ಬೀಳದೆ ಹೋದದ್ದಲ್ಲ. ಮುಂದೆ ದುರ್ಯೋಧನನು ಉತ್ತರ ಕೊಡುವಾಗ, ಶೂರರ ಮೂಲವೂ ನದಿಗಳ ಮೂಲವೂ ತಿಳಿಯತಕ್ಕವಲ್ಲವೆಂದು ಹೇಳಿ, ದ್ರೋಣ ಕೃಪರ ಹುಟ್ಟನ್ನೂ ಪಾಂಡವರ ಹುಟ್ಟನ್ನೂ ಎತ್ತಿ ತೋರಿಸುತ್ತಾನೆ. ಋಷಿಮೂಲ ನದೀಮೂಲಗಳನ್ನು ಕೇಳಬಾರದೆಂದು ನಮ್ಮ ಜನ ಆಡುವ ಮಾತೂ ಈ ಅರ್ಥದ್ದೇ.

ಅನಂತರ ಬರುವ ದೃಶ್ಯವನ್ನು ಶಾಲೆಯಲ್ಲಿ ಕೆಲಸ ಮಾಡಿದವರು ಸುಲಭವಾಗಿ ಗುರುತಿಸಬಲ್ಲರು. ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟು ಅಭಿಷೇಕ ಮಾಡಿಸಿದ ಮೇಲೆ, ಸಾಕುತಂದೆಯಾದ ಅಧಿರಥನು ಬೆವರುತ್ತ, ನಡುಗುತ್ತ, ಕೋಲೂರಿಕೊಂಡು ರಂಗಕ್ಕೆ ಬರುತ್ತಾನೆ. ಕರ್ಣನು ಬಿಲ್ಲನ್ನು ಕೆಳಗಿಟ್ಟು, ಅಭಿಷೇಕದ ನೀರಿನಿಂದ ಇನ್ನೂ ಹಸಿಯಾಗಿದ್ದ ತಲೆಯನ್ನು ತಂದೆಯ ಪಾದಕ್ಕೆ ಬಾಗಿಸುತ್ತಾನೆ. ಭೀಮನು ಇದನ್ನು ಕಂಡು ನಗುತ್ತಾನೆ. ನಿನಗೆ ಚಾವಟಿಯೇ ತಕ್ಕದ್ದು ಎನ್ನುತ್ತಾನೆ. ಮರವನ್ನು ಒದೆದ ಕಾಲೂ ಈ ನಾಲಗೆಯೂ ಒಬ್ಬನವೇ. ಮೊದಲನೆಯದನ್ನು ಯಾರೂ ತಡೆಯದಿದ್ದುದರಿಂದ ಎರಡನೆಯದು ಬೆಳೆಯಿತು. ದುಡಿಮೆಯ ಬಟ್ಟೆಯಲ್ಲಿಯೇ ಶಾಲೆಯ ಬಾಗಿಲಿಗೆ ಬಂದು ನಿಂತ ತಂದೆಯನ್ನೋ ತಾಯಿಯನ್ನೋ ಕಂಡು ಮಕ್ಕಳು ಕಿಸಕ್ಕನೆ ನಕ್ಕಾಗ ಆ ಮನೆಯ ಮಗುವಿನ ಮುಖವು ಹೇಗಾಗುವುದೆಂಬುದನ್ನು ಬಲ್ಲವರಿಗೆ ವ್ಯಾಸರ ಈ ಚಿತ್ರವು ಪುರಾಣವಾಗಿ ತೋರದು. ಆ ನಗೆಯ ನಡುವೆ ಕರ್ಣನು ತಂದೆಗೆ ನಮಸ್ಕರಿಸಿದನೆಂಬುದು ಅವನ ವಿದ್ಯೆಗಿಂತ ದೊಡ್ಡದು.

ಕೃಪನ ಪ್ರಶ್ನೆಯು ಸವದತ್ತಿಯ ಸೀಮೆಯ ಓದುಗರಿಗೆ ದೂರದ ಹಸ್ತಿನಾವತಿಯದಾಗಿ ಉಳಿಯಲಾರದು. ಉಗರಗೋಳದ ಸೀಮೆಯಲ್ಲಿರುವ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಲಕ್ಷಾಂತರ ಜನ ಬರುತ್ತಾರೆ. ಆ ಭಕ್ತಿಯ ನೆರಳಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯೂ ಬಹುಕಾಲ ನಡೆಯಿತು. ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ 1934ರಲ್ಲಿ ಒಂದು ಕಾಯಿದೆಯೂ, ಕರ್ನಾಟಕದಲ್ಲಿ 1982ರ ಇನ್ನೊಂದು ಕಾಯಿದೆಯೂ ಅದನ್ನು ನಿಷೇಧಿಸಿದವು. ಆದರೆ ಕಾಯಿದೆಯಿಂದ ಪದ್ಧತಿಯು ನಿಷಿದ್ಧವಾದರೂ, ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಶಾಲೆಗೆ ಬಂದಾಗ ಪ್ರವೇಶಪತ್ರದಲ್ಲಿ ತಂದೆಯ ಹೆಸರಿಗೆಂದು ಬಿಟ್ಟ ಜಾಗವು ಅವರ ಎದುರಿಗೆ ಬಂದು ನಿಂತಿತು. ಆ ಹೆಸರನ್ನು ತರಗತಿಯ ನಡುವೆ ಗಟ್ಟಿಯಾಗಿ ಕೇಳಿದವನಿಗೆ ದ್ವೇಷವಿರಬೇಕಾಗಿಲ್ಲ. ನಿಯಮವನ್ನು ಪಾಲಿಸಿದನೆಂದೇ ಅವನು ತಿಳಿದಿರಬಹುದು. ಕೃಪನೂ ಹಾಗೆಯೇ ತಿಳಿದಿದ್ದನು. ಮಗುವು ತಲೆ ತಗ್ಗಿಸುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಭೀಮನು ನಗುತ್ತಾನೆ. ಆ ನಗೆಯು ಆಟದ ಬಯಲಿಗೆ ಹೋಗಿ ಅಡ್ಡಹೆಸರಾಗುತ್ತದೆ. ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಹೇಳದೆಯೇ ತನ್ನ ಮಗುವಿನ ಪಾಲಕಳಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಬಾಲ್ಯದಲ್ಲಿಯೇ ದೇವಿಗೆ ಅರ್ಪಿತರಾಗಿ, ಮುಂದೆ ಘಟಪ್ರಭೆಯ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಮೂಲಕ ಅಂತಹ ತಾಯಂದಿರ ಬಿಡುಗಡೆಗಾಗಿ ದುಡಿದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ನ್ಯಾಯಾಲಯವೂ ಸರಕಾರವೂ ಇಷ್ಟನ್ನು ಮಾಡಬಲ್ಲವು. ಹಿಂದಿನ ಸಾಲಿನ ನಗೆಯನ್ನು ನಿಲ್ಲಿಸುವುದು ಮಾತ್ರ ಆ ಕೋಣೆಯಲ್ಲಿರುವವರ ಕೆಲಸ.

ಅದೇ ಗುಡ್ಡದ ಮೇಲೆ ರೇಣುಕೆಯ ಮಗನಾದ ಪರಶುರಾಮನ ಗುಡಿಯೂ ಉಂಟು. ಕರ್ಣನ ಕಥೆಯಲ್ಲಿ ಪರಶುರಾಮನಿಗೂ ಪಾತ್ರವಿದೆಯೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಕುಲವನ್ನು ಹೇಳಿದರೆ ವಿದ್ಯೆಯು ದೊರೆಯದೆಂದು ತಿಳಿದ ಕರ್ಣನು ತಾನು ಭಾರ್ಗವ ಬ್ರಾಹ್ಮಣನೆಂದು ಹೇಳಿ ಅವನ ಶಿಷ್ಯನಾದನು. ತೊಡೆಯನ್ನು ಹುಳು ಕೊರೆದರೂ ಗುರುವಿನ ನಿದ್ದೆ ಕೆಡದಿರಲೆಂದು ಸಹಿಸಿದ ಆ ತಾಳ್ಮೆಯೇ ಅವನ ಗುಟ್ಟನ್ನು ಬಯಲು ಮಾಡಿತು; ಗುರುವು ಶಪಿಸಿದನು. ಶಿಷ್ಯನು ಸುಳ್ಳಾಡಿದ್ದು ತಪ್ಪೇ. ಆದರೆ ನಿಜವನ್ನು ಹೇಳಿದರೆ ಹೊರಗೆ ನಿಲ್ಲಬೇಕಾಗುವುದೆಂಬ ಭಯವನ್ನು ಅವನಿಗೆ ಕಲಿಸಿದವರು ಯಾರೆಂದು ಆ ಗುರುವು ಕೇಳಲಿಲ್ಲ. ಶಾಲೆಯಲ್ಲಿ ಮನೆಯ ವಿಚಾರವಾಗಿ ಸುಳ್ಳು ಹೇಳುವ ಮಗುವನ್ನು ಕಂಡಾಗ ಉಪಾಧ್ಯಾಯರು ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆಯು ಇದೇ ಆಗಿದೆ.

ರಂಗದಲ್ಲಿ ಕರ್ಣನಿಗೆ ಕೈ ಕೊಟ್ಟವನು ದುರ್ಯೋಧನನೊಬ್ಬನೇ. ಅವನ ಉದ್ದೇಶದಲ್ಲಿ ಸ್ವಾರ್ಥವಿತ್ತು. ಅರ್ಜುನನಿಗೆ ಎದುರಾಳಿಯೊಬ್ಬನು ಅವನಿಗೆ ಬೇಕಾಗಿದ್ದನು. ಆದರೆ ತಲೆ ತಗ್ಗಿಸಿ ನಿಂತ ಹುಡುಗನಿಗೆ ಕೈ ಕೊಡುವವನ ಉದ್ದೇಶವನ್ನು ಪರೀಕ್ಷಿಸುವ ವ್ಯವಧಾನವೆಲ್ಲಿಯದು? ಭೀಷ್ಮನು ಏಳಲಿಲ್ಲ, ದ್ರೋಣನು ಏಳಲಿಲ್ಲ. ಹೆತ್ತ ತಾಯಿಯು ಗುರುತಿಸಿಯೂ ಮೂರ್ಛೆ ಹೋದಳೇ ಹೊರತು ಬಾಯಿ ಬಿಡಲಿಲ್ಲ. ಎದ್ದವನಿಗೆ ಕರ್ಣನು ಜನ್ಮವನ್ನೇ ಮಾರಿಕೊಂಡನು. ಅವಮಾನಿತನಾದ ಮಗುವು ಮೊದಲು ಸಿಕ್ಕ ಆಸರೆಗೆ ಅಂಟಿಕೊಳ್ಳುವುದು; ಶಾಲೆಯು ಆಸರೆಯಾಗದಿದ್ದರೆ ಬೀದಿಯಲ್ಲಿ ದುರ್ಯೋಧನರಿಗೆ ಬರಗಾಲವಿಲ್ಲ.

ಈ ಗಾಯವು ಎಷ್ಟು ಕಾಲ ಉಳಿಯುವುದೆಂಬುದನ್ನು ಪಂಪನಷ್ಟು ಸೂಕ್ಷ್ಮವಾಗಿ ಕಂಡ ಕನ್ನಡ ಕವಿಯು ಇನ್ನೊಬ್ಬನಿಲ್ಲ. ಅವನ ಕಾವ್ಯದ ಎರಡನೆಯ ಆಶ್ವಾಸದ ರಂಗದಲ್ಲಿ ದುರ್ಯೋಧನನು, ಪರಾಕ್ರಮವೇ ಕುಲವೆಂದು ಹೇಳಿ ಕರ್ಣನನ್ನು ಎತ್ತಿಹಿಡಿಯುತ್ತಾನೆ. ಹತ್ತನೆಯ ಆಶ್ವಾಸದಲ್ಲಿ ಭೀಷ್ಮನಿಗೆ ಸೇನಾಪತಿಯ ಪಟ್ಟವನ್ನು ಕಟ್ಟುವಾಗ ಕರ್ಣನು ಅವನ ಮುಪ್ಪನ್ನು ಎತ್ತಿ ಆಡಿದನು. ದ್ರೋಣನು ಸಿಡಿದು ಅವನ ಕುಲವನ್ನು ಕೆಣಕಿದನು. ಆಗ ಕರ್ಣನು ಕೊಡುವ ಉತ್ತರವು ಕನ್ನಡದಲ್ಲಿ ಅತ್ಯಂತ ಪ್ರಸಿದ್ಧವಾದ ಪದ್ಯಗಳಲ್ಲಿ ಒಂದು; ಛಲ, ಗುಣ, ಅಭಿಮಾನಗಳೇ ಕುಲವೆಂಬುದು ಅದರ ಅಭಿಪ್ರಾಯ. ವಿಮರ್ಶಕರು ಈ ಪದ್ಯವನ್ನು ವೀರವಾಣಿಯೆಂದು ಕೊಂಡಾಡಿದ್ದಾರೆ, ಅದು ಯುಕ್ತವೇ. ಆದರೆ ಅದರ ಕೆಳಗೆ ಹರಿಯುವ ಶೋಕವನ್ನೂ ಕಾಣಬೇಕು. ಎರಡನೆಯ ಆಶ್ವಾಸದಲ್ಲಿ ಕೇಳಿದ ಪ್ರಶ್ನೆಗೆ ಅಂಗರಾಜನಾದ ಕರ್ಣನು ಹತ್ತನೆಯ ಆಶ್ವಾಸದಲ್ಲಿಯೂ ಉತ್ತರ ಕೊಡುತ್ತಲೇ ಇದ್ದಾನೆ. ಮುದುಕನ ಮುಪ್ಪನ್ನು ಹಳಿದವನೂ ಅವನೇ ಎಂಬುದನ್ನು ಮರೆಯುವಂತಿಲ್ಲ; ನಗೆಗೀಡಾದವನು ಇನ್ನೊಬ್ಬನನ್ನು ನಗೆಗೀಡು ಮಾಡಲು ಕಲಿಯುತ್ತಾನೆ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂದು ಪಂಪನು ಕಡೆಯಲ್ಲಿ ಓದುಗರನ್ನು ಬೇಡಿಕೊಂಡನು. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ ಕವಿಯ ಬಾಯಿಂದ ಈ ಮಾತು ಬಂದದ್ದು ಸಾಮಾನ್ಯವಲ್ಲ.

ಇದಕ್ಕೆ ಪ್ರತಿಯಾದ ಚಿತ್ರವೂ ನಮ್ಮ ಪರಂಪರೆಯಲ್ಲಿಯೇ ಇದೆ. ಛಾಂದೋಗ್ಯೋಪನಿಷತ್ತಿನ ಸತ್ಯಕಾಮನಿಗೆ ಗೌತಮ ಮುನಿಯು ಗೋತ್ರವನ್ನು ಕೇಳುತ್ತಾನೆ. ಯೌವನದಲ್ಲಿ ಅನೇಕ ಕಡೆ ಪರಿಚರ್ಯೆ ಮಾಡುತ್ತಿದ್ದೆ, ನಿನ್ನ ಗೋತ್ರವನ್ನು ಅರಿಯೆನೆಂದು ತಾಯಿಯಾದ ಜಬಾಲೆಯು ಹೇಳಿದುದನ್ನು ಹುಡುಗನು ಇದ್ದಂತೆಯೇ ಒಪ್ಪಿಸುತ್ತಾನೆ. ಸತ್ಯವನ್ನು ಬಿಡಲಿಲ್ಲವೆಂದು ಮುನಿಯು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸುತ್ತಾನೆ. ಬ್ರಾಹ್ಮಣನಲ್ಲದವನು ಹೀಗೆ ಹೇಳಲಾರನೆಂದು ಅವನು ಕುಲದ ಮಾತಿಗೇ ಮರಳಿದ್ದು ಆ ಕಾಲದ ಮಿತಿ. ಉಪನಿಷತ್ತು ಉಳಿದ ಶಿಷ್ಯರ ಸುದ್ದಿಯನ್ನೆತ್ತುವುದಿಲ್ಲ. ರವೀಂದ್ರನಾಥ ಠಾಕೂರರು ‘ಬ್ರಾಹ್ಮಣ’ ಎಂಬ ತಮ್ಮ ಬಂಗಾಳಿ ಕವಿತೆಯಲ್ಲಿ ಅವರನ್ನು ತಂದರು: ಹುಡುಗನ ಉತ್ತರವನ್ನು ಕೇಳಿ ಶಿಷ್ಯರು ಗುಜುಗುಟ್ಟುತ್ತಾರೆ, ಕೆಲವರು ನಗುತ್ತಾರೆ, ಕೆಲವರು ಧಿಕ್ಕರಿಸುತ್ತಾರೆ, ಗೌತಮನು ಆಸನವನ್ನು ಬಿಟ್ಟು ಎದ್ದು, ತೋಳು ಚಾಚಿ ಹುಡುಗನನ್ನು ಅಪ್ಪಿಕೊಳ್ಳುತ್ತಾನೆ. ಮೂಲದಲ್ಲಿಲ್ಲದ ನಗೆಯನ್ನು ಕವಿಯು ಸೇರಿಸಿದ್ದರಿಂದಲೇ ಗುರುವು ಏಳುವುದಕ್ಕೆ ಅರ್ಥ ಬಂದಿತು. ಕೃಪನು ಎದ್ದದ್ದು ಕೇಳುವುದಕ್ಕೆ. ಈ ಗೌತಮನು ಎದ್ದದ್ದು ನಗೆಗೂ ಮಗುವಿಗೂ ನಡುವೆ ನಿಲ್ಲುವುದಕ್ಕೆ.

ಪುರಾಣವನ್ನು ಶಾಲೆಯ ಅಳತೆಗೋಲಿನಿಂದ ಅಳೆಯಬಾರದೆಂದು ಕೆಲವರು ಆಕ್ಷೇಪಿಸಬಹುದು. ಭೀಮನನ್ನು ಖಳನನ್ನಾಗಿಯೂ ದುರ್ಯೋಧನನನ್ನು ನಾಯಕನನ್ನಾಗಿಯೂ ಮಾಡುವುದು ಈ ವಿಮರ್ಶೆಯ ಗುರಿಯೆಂದಾದರೆ ಆಕ್ಷೇಪವು ಸರಿಯೇ. ಆದರೆ ಮಹಾಕಾವ್ಯವು ಯಾರನ್ನೂ ಒಂದೇ ಬಣ್ಣದಲ್ಲಿ ಬರೆಯಲಿಲ್ಲ. ಒಂದೇ ಬಣ್ಣವನ್ನು ಬಳಿದವರು ಕಥೆ ಹೇಳಿದವರು. ಪಾಠ ಹೇಳುವಾಗ ಉಪಾಧ್ಯಾಯರು ರಂಗದ ಪ್ರಸಂಗವನ್ನು ಮಕ್ಕಳಿಂದ ಆಡಿಸಿ, ಕರ್ಣನಾದವನನ್ನು ಬಿಟ್ಟು ಸಭಿಕರಾದವರನ್ನು ಕೇಳಲಿ: ಭೀಮನು ನಕ್ಕಾಗ ನೀವೇನು ಮಾಡಿದಿರಿ? ಏನು ಮಾಡಬಹುದಾಗಿತ್ತು? ನಗದೆ ಇರುವುದು, ನಕ್ಕವನ ಪಕ್ಕದಿಂದ ಎದ್ದು ನೊಂದವನ ಪಕ್ಕದಲ್ಲಿ ಕುಳಿತುಕೊಳ್ಳುವುದು, ಮಾಸ್ತರರಿಗೆ ತಿಳಿಸುವುದು, ಇವು ಬಲವಿಲ್ಲದ ಹುಡುಗನಿಂದಲೂ ಆಗತಕ್ಕ ಕೆಲಸಗಳು. ಹತ್ತಿರದವರು ಕೇಳದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಯುಂಟೆಂಬುದನ್ನೂ ಅವರು ಅರಿತಿರಲಿ. ಉಪಾಧ್ಯಾಯರ ಕರ್ತವ್ಯವು ಇನ್ನೂ ಹೆಚ್ಚಿನದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಮನೆಯ ವಿವರವನ್ನು ಮಗುವಿನೊಡನೆ ಅಥವಾ ತಾಯಿಯೊಡನೆ ಏಕಾಂತದಲ್ಲಿ ಕೇಳುವುದು, ತಾಯಿಯ ಹೆಸರನ್ನು ಹೇಳಿದರೆ ಹುಬ್ಬೇರಿಸದೆ ಬರೆದುಕೊಳ್ಳುವುದು, ಇವನ್ನು ಯಾವ ಕಲಮೂ ಕಲಿಸಲಾರದು, ಕಾವ್ಯವು ಕಲಿಸಬಲ್ಲುದು.

ಹಸ್ತಿನಾವತಿಯ ರಂಗದಲ್ಲಿ ಆ ದಿನ ಸೂರ್ಯನು ಮುಳುಗಿದ್ದರಿಂದ ಜಗಳವು ನಿಂತಿತು. ಜನರು ದೀಪಗಳ ಬೆಳಕಿನಲ್ಲಿ ಮನೆಗೆ ಹೋದರು. ಹೋಗುವಾಗ ಕೆಲವರು ಅರ್ಜುನನನ್ನೂ ಕೆಲವರು ಕರ್ಣನನ್ನೂ ಕೆಲವರು ದುರ್ಯೋಧನನನ್ನೂ ಹೊಗಳಿದರೆಂದು ವ್ಯಾಸರು ಬರೆದಿದ್ದಾರೆ. ಕೋಲೂರಿಕೊಂಡು ಬಂದಿದ್ದ ಅಧಿರಥನು ಮನೆಗೆ ಹೇಗೆ ಹೋದನೆಂಬುದನ್ನು ಬರೆದಿಲ್ಲ. ಪಾಠವು ಮುಗಿದ ಮೇಲೆ ಆ ಒಂದು ಪ್ರಶ್ನೆಯನ್ನು ಮಕ್ಕಳಿಗೆ ಬಿಟ್ಟರೆ, ಅವರಲ್ಲಿ ಒಬ್ಬನಾದರೂ ಮರುದಿನ ಉತ್ತರವನ್ನು ತಂದಾನು.